ಸೇವೆಯ ಜಾಲ, ಅಧಿಕಾರದ ಬಾಗಿಲು: ಕಾಸರಗೋಡಿನ ನೆಲೆಯಿಂದ ಮುಸ್ಲಿಂ ಲೀಗಿನ ಮಹಿಳೆಯರನ್ನು ಕುರಿತು

ರಾಜಕೀಯ ಪಕ್ಷಗಳನ್ನು ಕುರಿತ ನಮ್ಮ ವಿದ್ವತ್ ಬರವಣಿಗೆ ಬಹುಮಟ್ಟಿಗೆ ಚುನಾವಣೆಯ ಬರವಣಿಗೆಯಾಗಿಯೇ ಉಳಿದಿದೆ. ಮತಗಳ ಪ್ರಮಾಣ, ಮೈತ್ರಿಗಳ ಲೆಕ್ಕ, ನಾಯಕರ ಭಾಷಣ ಇವುಗಳಾಚೆಗೆ, ಎರಡು ಚುನಾವಣೆಗಳ ನಡುವಿನ ದಿನಗಳಲ್ಲಿ ಪಕ್ಷವೊಂದು ಊರಿನೊಳಗೆ ಹೇಗೆ ಬದುಕುತ್ತದೆ ಎಂಬ ಪ್ರಶ್ನೆಗೆ ದೊರೆತ ಗಮನ ಅಲ್ಪ. ಕೇರಳದ ಇಂಡಿಯನ್ ಯೂನಿಯನ್ ಮುಸ್ಲಿಂ ಲೀಗನ್ನು ಅರ್ಥಮಾಡಿಕೊಳ್ಳಲು ಈ ಕೊರತೆ ವಿಶೇಷವಾಗಿ ಅಡ್ಡಿಯಾಗುತ್ತದೆ. ತನ್ನ ಬೆಂಬಲಿಗರ ನಿತ್ಯಜೀವನದಲ್ಲಿ ಆ ಪಕ್ಷ ಮತಯಾಚಕನಾಗಿ ಕಾಣಿಸಿಕೊಳ್ಳುವುದಕ್ಕಿಂತ ಮೊದಲೇ ಆಸ್ಪತ್ರೆಯ ಬಾಗಿಲಲ್ಲಿ ಊಟದ ಪೊಟ್ಟಣ ಹಿಡಿದು ನಿಂತವನಾಗಿ, ಗಲ್ಫಿನಿಂದ ಬರಬೇಕಾದ ಶವದ ಕಾಗದಪತ್ರ ಸರಿಪಡಿಸುವವನಾಗಿ, ವಿಧವೆಯ ಮನೆಗೆ ಮಾಡು ಹಾಕಿಸುವವನಾಗಿ ಕಾಣಿಸಿಕೊಂಡಿರುತ್ತದೆ. ಈ ವಾಕ್ಯದ ಕರ್ತೃಪದಗಳೆಲ್ಲವೂ ಪುಲ್ಲಿಂಗದಲ್ಲಿರುವುದು ಆಕಸ್ಮಿಕವೇನಲ್ಲ. ಪ್ರಸ್ತುತ ಲೇಖನದ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಆ ಸೇವೆಯನ್ನು ಬಾಗಿಲಲ್ಲಿ ನಿಂತು ಪಡೆಯುವವಳು ಹೆಚ್ಚಿನ ಸಂದರ್ಭಗಳಲ್ಲಿ ಹೆಂಗಸು. ಯಾವ ಮನೆಗೆ ಯಾವುದರ ಅಗತ್ಯವಿದೆ ಎಂದು ಮೊದಲು ಬಲ್ಲವಳೂ ಅವಳೇ. ಆದರೆ ಪಕ್ಷದ ಸಮಿತಿಗಳಲ್ಲಿ, ವಿಧಾನಸಭೆಯ ಅಭ್ಯರ್ಥಿಪಟ್ಟಿಯಲ್ಲಿ ಅವಳು ಕಾಣಿಸಿಕೊಳ್ಳಲು ದಶಕಗಳೇ ಬೇಕಾದವು. ಲೀಗಿನ ಮಹಿಳೆಯರಿಗೆ ಅಧಿಕಾರದ ಬಾಗಿಲು ತೆರೆದದ್ದು ಪಕ್ಷದ ಸೇವಾಪರಂಪರೆಯಲ್ಲ, ಸ್ಥಳೀಯ ಸಂಸ್ಥೆಗಳ ಮೀಸಲಾತಿಯ ಕಾನೂನು. ಆದರೆ ಆ ಬಾಗಿಲನ್ನು ದಾಟಿಬಂದವರು ನಿಂತು ಮಾತಾಡಲು ಬೇಕಾದ ನೆಲವನ್ನು ಒದಗಿಸಿದ್ದು ಅದೇ ಸೇವಾಜಾಲ ಎಂಬುದು ಇಲ್ಲಿನ ಪ್ರತಿಪಾದನೆ. ಈ ಎರಡರ ನಡುವಿನ ಸಂಬಂಧ ಸರಳವಾದುದಲ್ಲ.

1948ರ ಮಾರ್ಚ್ 10ರಂದು ಮದರಾಸಿನ ರಾಜಾಜಿ ಹಾಲಿನಲ್ಲಿ ಸೇರಿದ ಸಭೆಯಲ್ಲಿ ಎಂ. ಮುಹಮ್ಮದ್ ಇಸ್ಮಾಯಿಲ್ ಅವರ ಅಧ್ಯಕ್ಷತೆಯಲ್ಲಿ ರೂಪುಗೊಂಡ ಈ ಪಕ್ಷ, ವಿಭಜನೆಯ ನೆರಳಿನಲ್ಲಿ ಹುಟ್ಟಿದ್ದರಿಂದ ಮೊದಲ ದಶಕದಲ್ಲಿ ಎಲ್ಲರ ಅನುಮಾನಕ್ಕೂ ಪಾತ್ರವಾಗಿತ್ತು. ಮಲಬಾರಿನಲ್ಲಿ ಅದು ಬೇರೂರಿದ್ದಕ್ಕೆ ಕಾರಣಗಳನ್ನು ಹುಡುಕುವಾಗ ಅದರ ಮುಖಂಡರು ಕಟ್ಟಿದ, ಅಥವಾ ಕಟ್ಟಲು ನೆರವಾದ ಸಂಸ್ಥೆಗಳನ್ನು ಮರೆಯುವಂತಿಲ್ಲ. 1943ರ ಕಾಲರಾ ಪಿಡುಗಿನಲ್ಲಿ ಅನಾಥರಾದ ಮಕ್ಕಳಿಗಾಗಿ ಕೆ.ಎಂ. ಮೌಲವಿ ಮೊದಲಾದವರು ತಿರೂರಂಗಾಡಿಯಲ್ಲಿ ಆರಂಭಿಸಿದ ಅನಾಥಾಲಯ ಮುಂದೆ ಶಾಲೆ, ಕಾಲೇಜುಗಳ ಸಮೂಹವಾಯಿತು. 1967ರ ಸಂಯುಕ್ತ ಸರಕಾರದಲ್ಲಿ ಶಿಕ್ಷಣ ಖಾತೆ ವಹಿಸಿದ ಸಿ.ಎಚ್. ಮುಹಮ್ಮದ್ ಕೋಯ ಅವರ ಕಾಲದಲ್ಲಿ, 1968ರಲ್ಲಿ, ಕಲ್ಲಿಕೋಟೆ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಮುಸ್ಲಿಂ ಹೆಣ್ಣುಮಕ್ಕಳನ್ನು ಶಾಲೆಗೆ ಕರೆತರುವ ವಿದ್ಯಾರ್ಥಿವೇತನ ಹಾಗೂ ಅರಬ್ಬಿ ಅಧ್ಯಾಪಕರ ನೇಮಕ ಇವೆರಡೂ ಅವರ ಹೆಸರಿನೊಂದಿಗೆ ಜೋಡಿಸಿ ಹೇಳಲಾಗುವ ಸಂಗತಿಗಳು. ಎರಡನೆಯದನ್ನು ಧಾರ್ಮಿಕ ಓಲೈಕೆಯೆಂದು ಟೀಕಿಸಿದವರುಂಟು. ಆದರೆ ಶಾಲೆಯಲ್ಲಿ ಅರಬ್ಬಿಯೂ ಇದೆ ಎಂಬ ಒಂದೇ ಭರವಸೆಯ ಮೇಲೆ ಮಗಳನ್ನು ಶಾಲೆಗೆ ಕಳುಹಿಸಿದ ತಂದೆಯರ ಸಂಖ್ಯೆ ಸಣ್ಣದಿರಲಾರದು.

ಕಾಸರಗೋಡಿನ ಚಿತ್ರ ಮಲಪ್ಪುರಂಗಿಂತ ಭಿನ್ನ. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ ಮುಸಲ್ಮಾನರ ಪ್ರಮಾಣ ನೂರಕ್ಕೆ ಸುಮಾರು 37. ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಚರಿತ್ರೆ ಕನ್ನಡ ವಾಚಕರಿಗೆ ಪರಿಚಿತವೇ ಆದರೂ ಇಲ್ಲಿ ಸ್ಮರಿಸಬೇಕು. 1957ರಲ್ಲಿ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದ, ಬಳಿಕ 1960ರಿಂದ ಕಳ್ಳಿಗೆ ಮಹಾಬಲ ಭಂಡಾರಿಯವರು ಕರ್ನಾಟಕ ಸಮಿತಿಯ ಧ್ವನಿಯಾಗಿ ಪ್ರತಿನಿಧಿಸಿದ ಈ ಕ್ಷೇತ್ರ 1970ರಲ್ಲಿ ಎಂ. ರಾಮಪ್ಪನವರ ಮೂಲಕ ಭಾರತ ಕಮ್ಯುನಿಸ್ಟ್ ಪಕ್ಷಕ್ಕೆ ಒಲಿಯಿತು. 1980 ಮತ್ತು 1982ರಲ್ಲಿ ಡಾ. ಎ. ಸುಬ್ಬರಾವ್ ಗೆದ್ದರು. 1987ರಿಂದ ಚೆರ್ಕಳಂ ಅಬ್ದುಲ್ಲ ಸತತ ನಾಲ್ಕು ಬಾರಿ ಆಯ್ಕೆಯಾದ ಮೇಲೆ, 2006ರ ಒಂದು ಸೋಲನ್ನು ಬಿಟ್ಟರೆ, 2021ರವರೆಗಿನ ಚುನಾವಣೆಗಳಲ್ಲಿ ಕ್ಷೇತ್ರ ಲೀಗಿನ ಕೈಯಲ್ಲಿಯೇ ಇತ್ತು. ಆದರೆ ಎಂಥ ಹಿಡಿತ! 2016ರಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಅವರ ಗೆಲುವಿನ ಅಂತರ 89 ಮತ, 2021ರಲ್ಲಿ ಎ.ಕೆ.ಎಂ. ಅಶ್ರಫ್ ಅವರದು 745. ಇಷ್ಟು ತೆಳುವಾದ ಅಂತರವಿರುವ ಕಡೆ ಒಂದು ವಾರ್ಡಿನ ಹತ್ತು ಮನೆಗಳ ಮುನಿಸೂ ಫಲಿತಾಂಶವನ್ನು ತಿರುಗಿಸಬಲ್ಲದು. ಸೇವೆಯನ್ನು ನಿಸ್ವಾರ್ಥ ದಯೆಯೆಂದೋ ಶುದ್ಧ ಮತಬೇಟೆಯೆಂದೋ ಒಂದೇ ಪದದಲ್ಲಿ ಹೇಳಿ ಮುಗಿಸಲು ಬರುವುದಿಲ್ಲ. ಅದನ್ನು ಮಾಡುವವರಿಗೂ ಪಡೆಯುವವರಿಗೂ ಅದು ಏಕಕಾಲದಲ್ಲಿ ಧರ್ಮಕಾರ್ಯ, ನೆರೆಹೊರೆಯ ಋಣ ಹಾಗೂ ರಾಜಕಾರಣ.

ಈ ಸೇವೆಗೆ ಇಷ್ಟು ಅವಕಾಶ ದೊರೆತದ್ದಾದರೂ ಹೇಗೆ? ಉತ್ತರದ ಬಹುಪಾಲು ಸರಕಾರದ ಗೈರುಹಾಜರಿಯಲ್ಲಿದೆ. 1984ರ ಮೇ 24ರಂದು ಜಿಲ್ಲೆಯಾಗಿ ರೂಪುಗೊಂಡ ಮೇಲೆಯೂ ಕಾಸರಗೋಡಿನ ರೋಗಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರೇ ಆಗಿತ್ತು. ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆಯಾದರೂ ಕಟ್ಟಡ ಆಸ್ಪತ್ರೆಯ ರೂಪ ತಾಳಲು ವರ್ಷಗಳೇ ಹಿಡಿದವು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿಯನ್ನು ಕರ್ನಾಟಕ ಮುಚ್ಚಿದಾಗ, ಮಂಗಳೂರಿಗೆ ತಲುಪಲಾಗದೆ ರೋಗಿಗಳು ಮೃತಪಟ್ಟ ವರದಿಗಳು ಒಂದರ ಹಿಂದೆ ಒಂದರಂತೆ ಬಂದವು. ವಿಷಯ ಕೇರಳ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಎರಡು ರಾಜ್ಯಗಳ ವಾದದ ನಡುವೆ ಡಯಾಲಿಸಿಸ್ ರೋಗಿಯ ಮುಂದಿನ ಸರದಿಗೆ ವಾಹನ ಹುಡುಕುವ ಕೆಲಸ ಸ್ಥಳೀಯ ಕಾರ್ಯಕರ್ತನ ಮೇಲೆಯೇ ಬೀಳುತ್ತಿತ್ತು, ಅವನು ಯಾವ ಪಕ್ಷದವನಾದರೂ ಸರಿ.

ಲೀಗಿನ ಜಾಲದ ವಿಶೇಷವಿರುವುದು ಅದರ ರಚನೆಯಲ್ಲಿ. ಶಾಖೆ, ಪಂಚಾಯತ್, ಮಂಡಲ, ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲುಗಳಿಗೆ ಸಮಾನಾಂತರವಾಗಿ ಗಲ್ಫ್ ರಾಷ್ಟ್ರಗಳಲ್ಲಿ ಕೇರಳ ಮುಸ್ಲಿಂ ಕಲ್ಚರಲ್ ಸೆಂಟರ್, ಅಂದರೆ ಎಲ್ಲರ ಬಾಯಲ್ಲಿ ಕೆ.ಎಂ.ಸಿ.ಸಿ., ಅದೇ ಜಿಲ್ಲೆ ಮತ್ತು ಮಂಡಲಗಳ ಹೆಸರಿನಲ್ಲಿ ಸಮಿತಿಗಳನ್ನು ಹೊಂದಿದೆ. ದುಬೈಯಲ್ಲಿರುವ ಮಂಜೇಶ್ವರದವನು ಅಲ್ಲಿಯೂ ಮಂಜೇಶ್ವರ ಮಂಡಲದವನೇ. ಊರಿನ ಶಾಖೆ ಗುರುತಿಸಿದ ಬಡಮನೆಗೆ ಅದೇ ಊರಿನ ಪ್ರವಾಸಿಯ ಹಣ ತಲುಪುವ ದಾರಿ ಇದರಿಂದ ಹ್ರಸ್ವವಾಗುತ್ತದೆ. 1975ರಿಂದ 2009ರಲ್ಲಿ ನಿಧನರಾಗುವವರೆಗೂ ರಾಜ್ಯ ಅಧ್ಯಕ್ಷರಾಗಿದ್ದ ಪಾಣಕ್ಕಾಡಿನ ಸಯ್ಯಿದ್ ಮುಹಮ್ಮದಾಲಿ ಶಿಹಾಬ್ ತಙಳ್ ಅವರ ಸ್ಮರಣೆಗಾಗಿ ನಿರ್ಮಿಸಲಾಗುವ ‘ಬೈತುಲ್ ರಹ್ಮಾ’ ಮನೆಗಳು ಈ ದಾರಿಯ ಅತ್ಯಂತ ಪ್ರಸಿದ್ಧ ಫಲ. ಸಿ.ಎಚ್. ಅವರ ಹೆಸರಿನ ಸೆಂಟರುಗಳು ಸರಕಾರಿ ವೈದ್ಯಕೀಯ ಕಾಲೇಜುಗಳ ಪಕ್ಕದಲ್ಲಿ ರೋಗಿಗಳಿಗೂ ಅವರ ಜತೆಗೆ ಬಂದವರಿಗೂ ಊಟ, ಔಷಧ, ವಸತಿಗಳ ನೆರವನ್ನು ನೀಡುತ್ತವೆ. ಜಾತಿ, ಮತ ಕೇಳದೆ ನೀಡುವ ಈ ನೆರವನ್ನು ಲೀಗಿನ ಕಟು ವಿಮರ್ಶಕರೂ ಒಪ್ಪುತ್ತಾರೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ಭೂಕುಸಿತ ನುಂಗಿದಾಗ ಯೂತ್ ಲೀಗಿನ ವೈಟ್ ಗಾರ್ಡ್ ಸ್ವಯಂಸೇವಕರು ಅಲ್ಲಿದ್ದರು. ಬಳಿಕ ಪಕ್ಷ ಮೇಪ್ಪಾಡಿಯ ತೃಕ್ಕೈಪ್ಪಟ್ಟದಲ್ಲಿ ಸಂತ್ರಸ್ತರಿಗಾಗಿ ನೂರಕ್ಕೂ ಮಿಕ್ಕಿ ಮನೆಗಳ ಯೋಜನೆಯನ್ನು ಕೈಗೆತ್ತಿಕೊಂಡಿತು.

‘ಬೈತುಲ್ ರಹ್ಮಾ’ ಎಂದರೆ ಕಾರುಣ್ಯದ ಮನೆ. ಈ ಹೆಸರಿನ ಮೇಲೆ ಕ್ಷಣಕಾಲ ನಿಲ್ಲಬೇಕಾಗಿದೆ. ಕಾರುಣ್ಯ ಮೇಲಿನಿಂದ ಬರುವುದು. ಅದನ್ನು ಪಡೆದವರು ಕೃತಜ್ಞರಾಗುತ್ತಾರೆ, ಹಕ್ಕುದಾರರಾಗುವುದಿಲ್ಲ. ಮನೆಯ ಕೀಲಿಕೈ ಹಸ್ತಾಂತರದ ಸಮಾರಂಭದಲ್ಲಿ ವಿಧವೆ ವೇದಿಕೆಗೆ ಬಾರದೆ ಅವಳ ಪರವಾಗಿ ಜಮಾಅತಿನ ಅಥವಾ ವಾರ್ಡು ಸಮಿತಿಯ ಪುರುಷನೊಬ್ಬ ಕೀಲಿಕೈ ಸ್ವೀಕರಿಸುವ ಪದ್ಧತಿಯನ್ನು ಅವಳ ಗೌರವ ಕಾಯುವ ಕ್ರಮವೆಂದು ಸಮರ್ಥಿಸಬಹುದು. ಆ ಸಮರ್ಥನೆಯಲ್ಲಿ ಹುರುಳಿಲ್ಲವೆಂದೂ ಹೇಳಲಾಗದು, ಏಕೆಂದರೆ ಬಡತನವನ್ನು ವೇದಿಕೆಗೆ ಏರಿಸಿ ಛಾಯಾಚಿತ್ರ ತೆಗೆಸುವ ಪಕ್ಷಗಳು ನಮ್ಮಲ್ಲಿ ಕಡಮೆಯಿಲ್ಲ. ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೇಂದ್ರದ ಗ್ರಾಮೀಣ ವಸತಿ ಯೋಜನೆಯ ನಿಯಮಗಳು ಮನೆಯನ್ನು ಸಾಧಾರಣವಾಗಿ ಹೆಂಗಸಿನ ಹೆಸರಿನಲ್ಲಿ ಅಥವಾ ದಂಪತಿಗಳ ಜಂಟಿ ಹೆಸರಿನಲ್ಲಿ ಮಂಜೂರು ಮಾಡಬೇಕೆನ್ನುತ್ತವೆ. ದಾನದ ಮನೆಯ ಹಕ್ಕುಪತ್ರ ಯಾರ ಹೆಸರಿನಲ್ಲಿರುತ್ತದೆ ಎಂಬುದನ್ನು ದಾನದ ಭಾಷೆ ಕೇಳುವುದಿಲ್ಲ. ಹಕ್ಕಿನ ಭಾಷೆ ಅದನ್ನೇ ಮೊದಲು ಕೇಳುತ್ತದೆ.

ಇದೇ ಜಿಲ್ಲೆಯ ಎಂಡೋಸಲ್ಫಾನ್ ಸಂತ್ರಸ್ತರ ತಾಯಂದಿರನ್ನು ಇಲ್ಲಿ ಹೋಲಿಕೆಗಾಗಿ ನೆನೆಯಬಹುದು. ಎಣ್ಮಕಜೆಯ ಪಡ್ರೆ ಮೊದಲಾದ ಕನ್ನಡ ಊರುಗಳ ಗೇರುತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ವಿಮಾನದಿಂದ ಸುರಿದ ಆ ವಿಷದ ಕಥೆಯನ್ನು ಲೋಕಕ್ಕೆ ತಿಳಿಸಿದವರಲ್ಲಿ ಕನ್ನಡ ಪತ್ರಕರ್ತ ಶ್ರೀಪಡ್ರೆ, ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಪ್ರಮುಖರು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಲಾ 5 ಲಕ್ಷ ರೂಪಾಯಿ ಪರಿಹಾರಕ್ಕೆ ನಿರ್ದೇಶಿಸಿದ ಮೇಲೆಯೂ ಹಲವರಿಗೆ ಅದು ತಲುಪದೆ ಹೋದಾಗ, 2019ರ ಆರಂಭದಲ್ಲಿ ತಾಯಂದಿರು ತಿರುವನಂತಪುರದ ಸೆಕ್ರೆಟೇರಿಯಟಿನ ಮುಂದೆ ಮಕ್ಕಳೊಂದಿಗೆ ಧರಣಿ ಕುಳಿತರು. ಅವರಲ್ಲಿ ಎಲ್ಲ ಮತದವರೂ ಇದ್ದರು. ಯಾವ ಪಕ್ಷದ ಛತ್ರಛಾಯೆಯೂ ಅವರಿಗೆ ಬೇಕಿರಲಿಲ್ಲ. ಆರೈಕೆಯನ್ನೇ ರಾಜಕೀಯ ಬೇಡಿಕೆಯನ್ನಾಗಿ ಮಾರ್ಪಡಿಸಿದ ಆ ಹೆಂಗಸರು ಪಕ್ಷಗಳ ಸೇವಾವಿಭಾಗಗಳಿಗೆ ಕಲಿಸಬಹುದಾದದ್ದು ಬಹಳವಿದೆ.

ಇನ್ನು ಕಾನೂನಿನ ಬಾಗಿಲು. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಂತೆ ಮರುವರ್ಷ ನಡೆದ ಚುನಾವಣೆಯಲ್ಲಿ ಮೂರನೆಯ ಒಂದರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. 2009ರ ತಿದ್ದುಪಡಿ ಅದನ್ನು ಅರ್ಧಕ್ಕೆ ಏರಿಸಿ 2010ರ ಚುನಾವಣೆಯಿಂದ ಜಾರಿಗೆ ತಂದಿತು. ಸ್ಥಾನಗಳಲ್ಲಿ ಅರ್ಧ, ಅಧ್ಯಕ್ಷ ಪದವಿಗಳಲ್ಲಿಯೂ ಅರ್ಧ. ಪಕ್ಷಕ್ಕೆ ಇಷ್ಟವಿದೆಯೋ ಇಲ್ಲವೋ ಎಂಬ ಪ್ರಶ್ನೆಗೇ ಇಲ್ಲಿ ಎಡೆಯಿರಲಿಲ್ಲ. ಅಭ್ಯರ್ಥಿಯನ್ನು ಹುಡುಕಲೇಬೇಕಾಯಿತು. ಎಲ್ಲಿ ಹುಡುಕುವುದು? ವನಿತಾ ಲೀಗಿನ ತೆಳುವಾದ ಪಟ್ಟಿಯಲ್ಲಿ, ಕಾರ್ಯಕರ್ತರ ಮನೆಯೊಳಗೆ, ಅಂಗನವಾಡಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕುಟುಂಬಶ್ರೀಯ ನೆರೆಕೂಟಗಳಲ್ಲಿ. 1998ರ ಮೇ ತಿಂಗಳಲ್ಲಿ ಮಲಪ್ಪುರಂನಲ್ಲಿ ಉದ್ಘಾಟನೆಗೊಂಡ ಕುಟುಂಬಶ್ರೀ ಎಡಪಕ್ಷದ ಸರಕಾರದ ಕೂಸು. ಲೀಗಿನ ಮುಖಂಡರಿಗೆ ಅದರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಸಭೆ ಕರೆಯುವುದು, ನಡಾವಳಿ ಬರೆಯುವುದು, ಬ್ಯಾಂಕಿನ ಮುಂದೆ ಸಾಲಿಗಾಗಿ ನಿಲ್ಲುವುದು, ಸಾಲ ತೀರಿಸದವಳೊಂದಿಗೆ ಜಗಳವಾಡದೆ ವಸೂಲಿ ಮಾಡುವುದು ಎಂಬ ನಾಲ್ಕು ವಿದ್ಯೆಗಳನ್ನು ಸಾವಿರಾರು ಮುಸ್ಲಿಂ ಹೆಂಗಸರು ಕಲಿತದ್ದು ಅಲ್ಲಿ. 1996ರಲ್ಲಿ ಆರಂಭವಾದ ಜನಕೀಯ ಯೋಜನಾ ಆಂದೋಲನ ಯೋಜನಾ ಮೊತ್ತದ ನೂರಕ್ಕೆ 10ರಷ್ಟನ್ನು ಮಹಿಳಾ ಘಟಕಕ್ಕೆ ಕಾದಿರಿಸಿದ್ದರಿಂದ ಮಾತಾಡಲು ಹಣದ ವಿಷಯವೂ ದೊರೆಯಿತು.

ಇದರಲ್ಲಿ ಒಂದು ವಿಪರ್ಯಾಸವಿದೆ. ಐಕ್ಯರಂಗದ ಸರಕಾರಗಳಲ್ಲಿ ಸ್ಥಳೀಯಾಡಳಿತ ಖಾತೆ ಮೇಲಿಂದ ಮೇಲೆ ಲೀಗಿನ ಪಾಲಿಗೆ ಬಂದಿದೆ. 2001ರಲ್ಲಿ ಮಂಜೇಶ್ವರದ ಚೆರ್ಕಳಂ ಅಬ್ದುಲ್ಲ ಅವರೇ ಆ ಖಾತೆಯ ಸಚಿವರು; 2011ರಲ್ಲಿ ಪಂಚಾಯತ್ ಖಾತೆ ಎಂ.ಕೆ. ಮುನೀರ್ ಅವರಿಗೆ ದೊರೆಯಿತು. ರಾಜ್ಯದ ಪಂಚಾಯತುಗಳಲ್ಲಿ ಮಹಿಳೆಯರು ಆಳುವುದನ್ನು ನೋಡಿಕೊಳ್ಳುವ ಹೊಣೆ ಯಾವ ಪಕ್ಷದ ಸಚಿವರ ಮೇಲಿತ್ತೋ ಆ ಪಕ್ಷದ ವಿಧಾನಸಭಾ ಪಟ್ಟಿಯಲ್ಲಿ ಮಹಿಳೆಯರಿರಲಿಲ್ಲ. 1996ರಲ್ಲಿ ಕಲ್ಲಿಕೋಟೆಯಿಂದ ಖಮರುನ್ನೀಸಾ ಅನ್ವರ್ ಸ್ಪರ್ಧಿಸಿ ಸೋತರು. ಎರಡನೆಯ ಹೆಸರು ಬರಲು 25 ವರ್ಷ ಬೇಕಾಯಿತು: 2021ರಲ್ಲಿ, ಪಕ್ಷ ಸ್ಪರ್ಧಿಸಿದ 27 ಸ್ಥಾನಗಳ ಪೈಕಿ ಒಂದಾದ ಕಲ್ಲಿಕೋಟೆ ದಕ್ಷಿಣದಲ್ಲಿ, ವನಿತಾ ಲೀಗಿನ ಮುಖಂಡರೂ ನ್ಯಾಯವಾದಿಯೂ ಆದ ನೂರ್ಬಿನಾ ರಶೀದ್. ಅವರೂ ಸೋತರು. ಸೋಲಿಗೆ ಸ್ತ್ರೀಯೆಂಬುದೇ ಕಾರಣವೆಂದು ಹೇಳುವುದು ಸರಿಯಲ್ಲ, ಪಕ್ಷದ ಹಲವು ಪುರುಷರೂ ಆ ವರ್ಷ ಸೋತರು. ಆದರೆ ಪುರುಷನ ಸೋಲು ಅವನೊಬ್ಬನ ಸೋಲು. ಹೆಂಗಸಿನದು ಮುಂದಿನ ಹೆಂಗಸಿನ ಸೋಲೂ ಹೌದು.

ಧಾರ್ಮಿಕ ವಿದ್ವಾಂಸರ ಪ್ರಭಾವವನ್ನು ಇದಕ್ಕೆ ಕಾರಣವಾಗಿ ಹೇಳುವುದು ವಾಡಿಕೆ. ಅದು ಭಾಗಶಃ ನಿಜ. ಲೀಗಿನ ಮತದಾರವರ್ಗದ ದೊಡ್ಡ ಪಾಲು ಸಮಸ್ತ ಉಲೆಮಾ ಸಂಘಟನೆಯ ಅನುಯಾಯಿಗಳದು. 2022ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಮದರಸ ಸಮಾರಂಭವೊಂದರಲ್ಲಿ ಬಹುಮಾನ ಸ್ವೀಕರಿಸಲು ಹತ್ತನೆಯ ತರಗತಿಯ ಹುಡುಗಿಯನ್ನು ವೇದಿಕೆಗೆ ಕರೆದುದಕ್ಕೆ ಹಿರಿಯ ವಿದ್ವಾಂಸರೊಬ್ಬರು ಬಹಿರಂಗವಾಗಿ ಗದರಿದ ದೃಶ್ಯ ನಾಡಿನಾದ್ಯಂತ ಚರ್ಚೆಯಾಯಿತು. ಆದರೆ ಎಲ್ಲವನ್ನೂ ಉಲೆಮಾಗಳ ತಲೆಗೆ ಕಟ್ಟುವುದು ರಾಜಕಾರಣಿಗಳಿಗೆ ಅನುಕೂಲವಾದ ವಾದ. ಗೆಲ್ಲುವ ಸ್ಥಾನವನ್ನು ಬಿಟ್ಟುಕೊಡಲು ಇಚ್ಛಿಸದ ಪುರುಷ ಎಲ್ಲ ಪಕ್ಷಗಳಲ್ಲಿಯೂ ಇದ್ದಾನೆ. ಲೀಗಿನಲ್ಲಿ ಅವನಿಗೆ ಶಾಸ್ತ್ರದ ಆಸರೆಯೊಂದು ಹೆಚ್ಚು.

ಪಕ್ಷದ ನಿಲುವು ಚರಿತ್ರೆಯಲ್ಲಿ ದಾಖಲಾದ ಇನ್ನೊಂದು ಸಂದರ್ಭವೂ ಇದೆ. 1985ರ ಶಾಬಾನು ತೀರ್ಪಿನ ತರುವಾಯ ಜೀವನಾಂಶದ ಕಾನೂನಿನಿಂದ ಮುಸಲ್ಮಾನರನ್ನು ಹೊರಗಿಡುವ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದವರು ಲೀಗಿನ ಜಿ.ಎಂ. ಬನಾತ್‌ವಾಲಾ. 1986ರ ಕಾಯಿದೆ ಅದರ ಬೆನ್ನಿಗೇ ಬಂತು. ವಿಧವೆಗೆ ಮನೆ ಕಟ್ಟಿಸಿಕೊಡುವ ಪಕ್ಷವೂ ವಿಚ್ಛೇದಿತೆಯ ಜೀವನಾಂಶದ ಹಕ್ಕನ್ನು ಸಂಕುಚಿತಗೊಳಿಸಲು ದುಡಿದ ಪಕ್ಷವೂ ಒಂದೇ. ಇದನ್ನು ಬರಿಯ ದ್ವಂದ್ವವೆಂದು ನೋಡಬಾರದು; ಎರಡರ ಹಿಂದೆಯೂ ಇರುವುದು ಒಂದೇ ತರ್ಕ. ಹೆಂಗಸಿನ ರಕ್ಷಣೆ ಸಮುದಾಯದ ಕರ್ತವ್ಯ, ನ್ಯಾಯಾಲಯ ನಡುವೆ ಬರಬೇಕಾಗಿಲ್ಲ ಎಂಬ ತರ್ಕ. ಇದರ ಮಿತಿಯನ್ನು ಕಾಸರಗೋಡಿನವರೇ ಆದ ವಕೀಲ, ನಟ ಸಿ. ಶುಕೂರ್ ತಮ್ಮದೇ ರೀತಿಯಲ್ಲಿ ತೋರಿಸಿದರು. ತಮ್ಮ ಮೂವರು ಹೆಣ್ಣುಮಕ್ಕಳಿಗೆ ಆಸ್ತಿ ಪೂರ್ಣವಾಗಿ ಸಲ್ಲಲೆಂದು 2023ರ ಮಾರ್ಚ್ 8ರಂದು ಅವರು ಪತ್ನಿ ಶೀನಾ ಅವರನ್ನೇ ಹೊಸದುರ್ಗದಲ್ಲಿ ವಿಶೇಷ ವಿವಾಹ ಕಾಯಿದೆಯಡಿ ಎರಡನೆಯ ಬಾರಿ ವಿವಾಹವಾದರು.

2021ರ ‘ಹರಿತ’ ಪ್ರಕರಣವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಹರಿತ ಎಂದರೆ ಲೀಗಿನ ವಿದ್ಯಾರ್ಥಿ ಸಂಘಟನೆ ಎಂ.ಎಸ್.ಎಫ್.ನ ವಿದ್ಯಾರ್ಥಿನಿಯರ ವಿಭಾಗ. ಕಾಲೇಜುಗಳಲ್ಲಿ ಸಂಘಟನೆಗೆ ಹೊಸ ಚೈತನ್ಯ ತಂದ, ಚೆನ್ನಾಗಿ ಓದಿದ, ಶಿರವಸ್ತ್ರ ಧರಿಸಿಯೇ ನಿರರ್ಗಳವಾಗಿ ವಾದಿಸುವ ಯುವತಿಯರ ಪೀಳಿಗೆ ಅದು. ಸಿ.ಎಚ್. ಅವರ ವಿದ್ಯಾರ್ಥಿವೇತನಗಳ ಮೂರನೆಯ ತಲೆಮಾರು ಎಂದರೂ ಸಲ್ಲುತ್ತದೆ. ಸಭೆಯೊಂದರಲ್ಲಿ ಎಂ.ಎಸ್.ಎಫ್. ಮುಖಂಡರು ತಮ್ಮ ಬಗ್ಗೆ ಸ್ತ್ರೀನಿಂದಕ ಮಾತಾಡಿದರೆಂದು ಹರಿತದ ಹತ್ತು ಮಂದಿ ಪದಾಧಿಕಾರಿಗಳು ಮೊದಲು ಪಕ್ಷದ ನಾಯಕತ್ವಕ್ಕೆ ದೂರಿದರು. ಅಲ್ಲಿ ಕಾದು ದಣಿದ ಮೇಲೆ ಆಗಸ್ಟಿನಲ್ಲಿ ರಾಜ್ಯ ಮಹಿಳಾ ಆಯೋಗದ ಮೊರೆಹೊಕ್ಕರು. ದೂರನ್ನು ಹಿಂತೆಗೆಯಬೇಕೆಂಬ ಒತ್ತಡಕ್ಕೆ ಅವರು ಮಣಿಯಲಿಲ್ಲ. ಸೆಪ್ಟೆಂಬರಿನಲ್ಲಿ ಪಕ್ಷ ಹರಿತದ ರಾಜ್ಯ ಸಮಿತಿಯನ್ನೇ ವಿಸರ್ಜಿಸಿತು. ಅವರ ಪರವಾಗಿ ನಿಂತ ಎಂ.ಎಸ್.ಎಫ್. ರಾಷ್ಟ್ರೀಯ ಉಪಾಧ್ಯಕ್ಷೆ ಫಾತಿಮಾ ತಹ್‌ಲಿಯಾ ತಮ್ಮ ಸ್ಥಾನ ಕಳೆದುಕೊಂಡರು.

ಪಕ್ಷ ಹೊರಿಸಿದ ಅಪರಾಧ ಶಿಸ್ತಿನ ಉಲ್ಲಂಘನೆ: ಮನೆಯ ಮಾತನ್ನು ಹೊರಗೆ ಒಯ್ದರೆಂಬುದು. ಇಲ್ಲಿ ಪಕ್ಷ ತನ್ನನ್ನು ಮನೆಯೆಂದು ಭಾವಿಸಿಕೊಂಡಿರುವುದು ಗಮನಾರ್ಹ. ಯುವತಿಯರಾದರೋ ಅದನ್ನು ಸಂಘಟನೆಯೆಂದು, ತಮ್ಮನ್ನು ಅದರ ಸದಸ್ಯರೆಂದು ಎಣಿಸಿದ್ದರು. ಈ ಭಿನ್ನಾಭಿಪ್ರಾಯವನ್ನು ಧರ್ಮ ಮತ್ತು ಸ್ತ್ರೀವಾದಗಳ ಯುದ್ಧವಾಗಿ ಚಿತ್ರಿಸಿದ ಪತ್ರಿಕಾಬರಹಗಳು ಅದರ ಸ್ವಾರಸ್ಯವನ್ನೇ ಕಳೆದವು. ಅವರಲ್ಲಿ ಹಲವರು ಮತವನ್ನಾಗಲಿ ಪಕ್ಷವನ್ನಾಗಲಿ ತ್ಯಜಿಸಲಿಲ್ಲ. 2024ರಲ್ಲಿ ಕೆಲವರಿಗೆ ಯೂತ್ ಲೀಗಿನಲ್ಲಿ ಹೊಣೆಗಾರಿಕೆಯೂ ದೊರೆಯಿತು. ಪಕ್ಷ ತಪ್ಪೊಪ್ಪಿಕೊಂಡಿತೆಂದು ಇದರ ಅರ್ಥವಲ್ಲ. ಅವರಿಲ್ಲದೆ ಕಾಲೇಜುಗಳಲ್ಲಿ ತನಗೆ ಭವಿಷ್ಯವಿಲ್ಲವೆಂಬ ಲೆಕ್ಕವನ್ನು ಅದು ಮಾಡಿತೆಂದು ಊಹಿಸಿದರೆ ತಪ್ಪಾಗದು.

2025ರ ಮೇ ತಿಂಗಳಲ್ಲಿ ಚೆನ್ನೈಯಲ್ಲಿ ಸೇರಿದ ರಾಷ್ಟ್ರೀಯ ಸಮಿತಿಗೆ ಮೊದಲ ಬಾರಿ ಇಬ್ಬರು ಮಹಿಳೆಯರು ಸಹಾಯಕ ಕಾರ್ಯದರ್ಶಿಗಳಾಗಿ ಸೇರ್ಪಡೆಯಾದರು: ವಯನಾಡಿನ ದಲಿತ ನಾಯಕಿ ಜಯಂತಿ ರಾಜನ್ ಹಾಗೂ ಚೆನ್ನೈಯ ಫಾತಿಮಾ ಮುಝಫ್ಫರ್. ಪಕ್ಷ ಹುಟ್ಟಿ 77 ವರ್ಷಗಳ ಮೇಲೆ ಆದ ಈ ನೇಮಕದಲ್ಲಿ ಪತ್ರಿಕೆಗಳು ಕಂಡದ್ದು ಮುಸ್ಲಿಂ ಪಕ್ಷದಲ್ಲಿ ಹಿಂದೂ ದಲಿತ ಮಹಿಳೆ ಎಂಬ ಕೌತುಕವನ್ನು. ನಮ್ಮ ಚರ್ಚೆಗೆ ಹೆಚ್ಚು ಪ್ರಸ್ತುತವಾದುದು ಬೇರೊಂದು. ಮೊದಲನೆಯವರು ಪಂಚಾಯತ್ ಸದಸ್ಯತ್ವದ ದಾರಿಯಲ್ಲಿ ಬಂದವರು, ಎರಡನೆಯವರು ಚೆನ್ನೈ ಮಹಾನಗರಪಾಲಿಕೆಯ ಸದಸ್ಯೆ. ಇಬ್ಬರೂ ಸ್ಥಳೀಯ ಸಂಸ್ಥೆಯ ಹೊಸ್ತಿಲನ್ನು ದಾಟಿಯೇ ಪಕ್ಷದ ಒಳಕೋಣೆಗೆ ಬಂದಿದ್ದಾರೆ.

ಕಾಸರಗೋಡಿನ ಮಟ್ಟಿಗೆ ಇದಕ್ಕೆ ಭಾಷೆಯ ಆಯಾಮವೊಂದು ಸೇರುತ್ತದೆ. ಲೀಗಿನ ಒಳಲೋಕ ಮಲಯಾಳದ್ದು. 1934ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ‘ಚಂದ್ರಿಕಾ’ ಪತ್ರಿಕೆ ಕಟ್ಟಿದ ಆ ಲೋಕದೊಳಗೆ ಪ್ರವೇಶಿಸಲು ಮಲಯಾಳದ ಓದು ಬೇಕು. ಮಂಜೇಶ್ವರ, ಕುಂಬಳೆಗಳ ಮುಸ್ಲಿಂ ಮನೆಗಳಲ್ಲಿ ಆಡುವುದು ಬ್ಯಾರಿ ಅಥವಾ ಮಾಪಿಳ್ಳೆ ಮಲಯಾಳ, ಉಪ್ಪಳದ ಹನಫಿಗಳ ಮನೆಗಳಲ್ಲಿ ಉರ್ದು, ಅಂಗಡಿಯಲ್ಲಿ ತುಳು, ಹಳೆಯ ತಲೆಮಾರಿನ ಓದುಬರಹ ಕನ್ನಡದಲ್ಲಿ. ಗಂಡಸು ಪೇಟೆಯಲ್ಲಿ, ಗಲ್ಫಿನಲ್ಲಿ ಮಲಯಾಳದ ಬರಹವನ್ನು ಹೇಗೋ ರೂಢಿಸಿಕೊಳ್ಳುತ್ತಾನೆ. ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಓದಿ ಮದುವೆಯಾದವಳು ಮೀಸಲು ವಾರ್ಡಿನಿಂದ ಗೆದ್ದು ಪಂಚಾಯತ್ ಕಚೇರಿಗೆ ಬಂದಾಗ ಅವಳ ಮುಂದಿರುವ ಸುತ್ತೋಲೆ ಮಲಯಾಳದಲ್ಲಿರುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ನೀಡಿದ್ದರೂ ಆ ಹಕ್ಕು ಅನುವಾದಕನ ಮೇಜಿನ ಮೇಲೆ ಧೂಳು ತಿನ್ನುವುದೇ ಹೆಚ್ಚು. ಪರಿಣಾಮವಾಗಿ ಸುತ್ತೋಲೆಯನ್ನು ಓದಿ ಹೇಳಲು ಗಂಡನೋ ಸಹೋದರನೋ ಪಕ್ಷದ ಕಾರ್ಯದರ್ಶಿಯೋ ಬೇಕಾಗುತ್ತಾನೆ. ‘ಹಿಂಬದಿಯ ಆಡಳಿತ’ವೆಂದು ನಾವು ಗಂಡಂದಿರನ್ನು ದೂರುವಾಗ ಅದರ ಒಂದು ಪಾಲು ಲಿಪಿಯ ಸಮಸ್ಯೆಯೆಂಬುದನ್ನು ಮರೆಯುತ್ತೇವೆ. ಕನ್ನಡದ ಹಕ್ಕಿನ ಹೋರಾಟವೂ ಈ ಹೆಂಗಸರನ್ನು ತನ್ನವರೆಂದು ಎಣಿಸಿದ್ದು ಅಪರೂಪ. ಶಾಲೆ, ನೇಮಕಾತಿಗಳ ಕುರಿತ ನಮ್ಮ ಮನವಿಗಳಲ್ಲಿ ಅವರ ಸಹಿಗಳಿರುತ್ತವೆ, ಅವರ ಅಗತ್ಯಗಳಿರುವುದಿಲ್ಲ. 2021ರಲ್ಲಿ ಅಶ್ರಫ್ ಅವರು ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ನಾವೆಲ್ಲ ಸಂತೋಷಪಟ್ಟೆವು. ವಾರ್ಡಿನ ಸದಸ್ಯೆಗೆ ಕನ್ನಡದ ಸುತ್ತೋಲೆ ದೊರೆತಿದ್ದರೆ ಸಂತೋಷ ಇನ್ನಷ್ಟು ಸಕಾರಣವಾಗುತ್ತಿತ್ತು.

ಸಾರಾ ಅಬೂಬಕ್ಕರ್ ಅವರ ಹೆಸರು ಇಲ್ಲಿ ತಾನಾಗಿ ಬರುತ್ತದೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಮೂಲಕ ತಲಾಖಿಗೆ ಸಿಲುಕಿದ ಹೆಣ್ಣಿನ ಬದುಕನ್ನು ಕನ್ನಡಕ್ಕೆ ತಂದ ಅವರಿಗೆ ಆ ಹೆಣ್ಣು ಯಾರ ಕಾರುಣ್ಯಕ್ಕೂ ಪಾತ್ರಳಾಗಿ ಕಾಣಲಿಲ್ಲ. ಪಕ್ಷಗಳ ಭಾಷೆಗಿಂತ ದಶಕಗಳಷ್ಟು ಮುಂದಿದ್ದ ಭಾಷೆ ಅದು, ಅದೂ ಕನ್ನಡದಲ್ಲಿ, ಅದೂ ಈ ನೆಲದಿಂದ.

ಮೀಸಲಾತಿಯ ಆವರ್ತನ ಕ್ರಮದ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. 2015ರಿಂದ 2020ರವರೆಗೆ ಕಾಸರಗೋಡು ನಗರಸಭೆಯ ಅಧ್ಯಕ್ಷತೆಯನ್ನು ಲೀಗಿನ ಬೀಫಾತಿಮಾ ಇಬ್ರಾಹಿಂ ವಹಿಸಿದ್ದರು. ಮುಂದಿನ ಅವಧಿಗೆ ಪದವಿ ಸಾಮಾನ್ಯವಾಯಿತು, ಪುರುಷರ ಪಾಲಾಯಿತು. ವಾರ್ಡುಗಳಲ್ಲಿಯೂ ನಡೆಯುವುದು ಇದೇ. ಐದು ವರ್ಷ ಕಲಿತವಳು, ಕಡತ ಓದಲು ಬಲ್ಲವಳು, ಅಧಿಕಾರಿಯ ಮುಂದೆ ಕುರ್ಚಿಯಲ್ಲಿ ಕುಳಿತು ಮಾತಾಡಲು ಅಭ್ಯಾಸವಾದವಳು ವಾರ್ಡು ಸಾಮಾನ್ಯವಾದೊಡನೆ ಅದನ್ನು ಗಂಡಸಿಗೆ ಬಿಟ್ಟುಕೊಡಬೇಕೆಂದು ಎಲ್ಲ ಪಕ್ಷಗಳೂ ಭಾವಿಸುತ್ತವೆ, ಸಾಮಾನ್ಯವೆಂದರೆ ಪುರುಷ ಮೀಸಲು ಎಂಬಂತೆ. ಹೀಗೆ ಹೊರಬಂದವರು ಬಹುಮಟ್ಟಿಗೆ ಮರಳುವುದು ಅದೇ ಸೇವಾಜಾಲಕ್ಕೆ: ಉಪಶಾಮಕ ಆರೈಕೆಯ ಮನೆಭೇಟಿಗೆ, ರಂಜಾನಿನ ಕಿಟ್ಟುಗಳ ಪಟ್ಟಿಗೆ, ಪಿಂಚಣಿಯ ಅರ್ಜಿಗಳಿಗೆ. ಆದರೆ ಈಗ ಅವರು ಮೊದಲಿನಂತೆ ಪಟ್ಟಿಗೆ ಹೆಸರು ಸೂಚಿಸುವವರಾಗಿಯಷ್ಟೇ ಇರುವುದಿಲ್ಲ. ಹಣ ಎಷ್ಟು ಬಂತು, ಯಾರು ನಿರ್ಧರಿಸಿದರು, ಅರ್ಜಿ ಏಕೆ ತಿರಸ್ಕೃತವಾಯಿತು ಎಂದು ಕೇಳಲು ಕಲಿತಿರುತ್ತಾರೆ.

ಸಂಶೋಧಕರು ಹುಡುಕಬೇಕಾದ ಸಾಮಗ್ರಿ ಆ ಪ್ರಶ್ನೆಗಳ ಸುತ್ತ ಇದೆ. ಮಂಜೇಶ್ವರ, ಮಂಗಲ್ಪಾಡಿ, ಕುಂಬಳೆ, ಮೊಗ್ರಾಲ್ ಪುತ್ತೂರು ಪಂಚಾಯತುಗಳ 1995ರಿಂದೀಚಿನ ನಡಾವಳಿ ಪುಸ್ತಕಗಳಲ್ಲಿ ಸದಸ್ಯೆಯರು ಯಾವ ವಿಷಯದ ಮೇಲೆ, ಯಾವ ಭಾಷೆಯಲ್ಲಿ ಮಾತಾಡಿದ್ದಾರೆ, ಭಿನ್ನಮತವನ್ನು ದಾಖಲಿಸಿದ್ದಾರೆಯೇ, ಮಹಿಳಾ ಘಟಕದ ಹಣ ಹೊಲಿಗೆ ಯಂತ್ರಗಳನ್ನು ದಾಟಿ ಬೇರೆಲ್ಲಿಗೆ ಹೋಗಿದೆ, ದಾನವಾಗಿ ಕಟ್ಟಿದ ಮನೆಗಳ ತೆರಿಗೆ ರಶೀದಿ ಯಾರ ಹೆಸರಿನಲ್ಲಿದೆ. ಈ ಪುಸ್ತಕಗಳನ್ನು ಓದಲು ಮಲಯಾಳ, ಕನ್ನಡ ಎರಡೂ ಬೇಕು. ಆ ಸದಸ್ಯೆಯರೊಂದಿಗೆ ಕುಳಿತು ಮಾತಾಡಲು ಬ್ಯಾರಿಯೋ ಉರ್ದುವೋ ಬೇಕು, ಮತ್ತು ಆ ಕೆಲಸಕ್ಕೆ ಹೋಗುವವರಲ್ಲಿ ಹೆಂಗಸರಿರಬೇಕು.